ಕಂಪ್ಯೂಟರಿನ ಕನ್ನಡಕ್ಕಾಗಿ ಹಟ ಹಿಡಿದ ತೇಜಸ್ವಿ

ತಾಳವಾಡಿ ಸೀಮೆಯಲ್ಲಿ ಮನೆಗೆ ಮೊದಲ ಕಂಪ್ಯೂಟರ್ ತಂದವರಿಗೆ ಈ ಅನುಭವ ನೆನಪಿರಬೇಕು. ಚಾಮರಾಜನಗರದ ನೆಂಟರು ಕನ್ನಡದಲ್ಲಿ ಟೈಪ್ ಮಾಡಿಸಿ ಫ್ಲಾಪಿಯಲ್ಲಿ ಕೊಟ್ಟ ಲಗ್ನಪತ್ರಿಕೆಯನ್ನು ಇಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಸತ್ಯಮಂಗಲದಿಂದ ಬಂದ ತಮಿಳು ಕಾಗದದ ಪಾಡೂ ಅಷ್ಟೇ. ಎರಡು ಭಾಷೆಯವರಾದ ನಮಗೆ ಪಜೀತಿಯೂ ಎರಡು ಪಟ್ಟು. ಮಿಷನ್ನೇ ಕೆಟ್ಟಿದೆ ಎಂದುಕೊಂಡು ಸಿಪಿಯು ಡಬ್ಬಿಯನ್ನು ಬಸ್ಸಿಗೆ ಹಾಕಿ, ದಿಂಬಂ ಘಟ್ಟದ 27 ತಿರುವು ಇಳಿದು ರಿಪೇರಿಗೆ ಹೋದವರಲ್ಲಿ ಈ ಬರಹಗಾರನೂ ಒಬ್ಬ. ಅಂಗಡಿಯವರು ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ ಕಳಿಸಿದರು. ಕನ್ನಡ ಮಾತ್ರ ಬರಲಿಲ್ಲ.

ಈ ತಾಪತ್ರಯ ಬಳಸುವವನ ದಡ್ಡತನದಿಂದ ಆದದ್ದಲ್ಲ, ತಂತ್ರಾಂಶದಲ್ಲೇ ಇದೆ ಎಂದು ಗಟ್ಟಿಯಾಗಿ ಹೇಳಿದ ಕನ್ನಡದ ದೊಡ್ಡ ಲೇಖಕರು ಕೆ.ಪಿ. ಪೂರ್ಣಚಂದ್ರ ತೇಜಸ್ವಿ.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ತಂದೆ ರಾಷ್ಟ್ರಕವಿ ಕುವೆಂಪು. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದವರಿಗೆ ಮೇಷ್ಟ್ರ ಕೆಲಸ ಸುಲಭವಾಗಿ ಸಿಗುತ್ತಿದ್ದ ಕಾಲ ಅದು. ಇವರು ಅದನ್ನು ಬಿಟ್ಟು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿಕೊಂಡರು. ಮೀನು ಹಿಡಿಯುವುದು, ಹಕ್ಕಿಗಳ ಫೋಟೋ ತೆಗೆಯುವುದು, ಚಿತ್ರ ಬರೆಯುವುದು ಅವರ ಹವ್ಯಾಸಗಳು. ಯಾವುದೇ ಯಂತ್ರ ಸಿಕ್ಕಿದರೂ ಒಳಗೇನಿದೆ ಎಂದು ನೋಡುವ ಕುತೂಹಲ ಅವರಿಗಿತ್ತು. ಕರ್ವಾಲೊ, ಚಿದಂಬರ ರಹಸ್ಯ, ಜುಗಾರಿ ಕ್ರಾಸ್ ಕಾದಂಬರಿಗಳನ್ನು ಓದದ ಕನ್ನಡಿಗರು ಕಡಿಮೆ. ಕೆನೆತ್ ಆಂಡರ್ಸನ್ನನ ಬೇಟೆ ಕತೆಗಳನ್ನು ಕನ್ನಡಕ್ಕೆ ತಂದವರೂ ಇವರೇ. ನಮ್ಮ ದಿಂಬಂ ಸುತ್ತಲಿನ ಕಾಡುಗಳಲ್ಲಿ ಅಲೆದು ಬರೆದವನು ಆ ಆಂಡರ್ಸನ್!

ಇಂಥ ಮನುಷ್ಯನ ಕಣ್ಣು ಕಂಪ್ಯೂಟರಿನ ಮೇಲೆ ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಆಗ ಕನ್ನಡಕ್ಕೆ ತಂತ್ರಾಂಶಗಳೇ ಇರಲಿಲ್ಲವೆಂದಲ್ಲ. ಶ್ರೀಲಿಪಿ, ಪ್ರಕಾಶಕ, ಬರಹ, ನುಡಿ ಹೀಗೆ ಹಲವಿದ್ದವು. ತೊಡಕು ಇದ್ದದ್ದು ಬೇರೆ ಕಡೆ. ಆ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಕಂಪ್ಯೂಟರಿನ ಲೆಕ್ಕಕ್ಕೆ ಅದು ಇಂಗ್ಲಿಷೇ, ಮೇಲೆ ಕನ್ನಡದ ವೇಷ ಅಷ್ಟೇ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಬೀಳುತ್ತಿತ್ತು. ಒಬ್ಬ ತಯಾರಕ ಒಂದು ಬಗೆಯಲ್ಲಿ ಜೋಡಿಸಿದರೆ ಇನ್ನೊಬ್ಬ ಇನ್ನೊಂದು ಬಗೆ. ಒಂದು ತಂತ್ರಾಂಶ ಕೊಂಡವನು ಅದನ್ನು ಬಿಟ್ಟರೆ ತಾನು ಬರೆದದ್ದನ್ನೇ ಓದಲಾರ.

ಕನ್ನಡ ಹೀಗೆ ಕಂಪನಿಗಳ ಮುಷ್ಟಿಯಲ್ಲಿ ಸಿಕ್ಕಿಕೊಂಡರೆ ಮುಂದೆ ಅದು ಕಂಪ್ಯೂಟರಿನಿಂದಲೇ ಹೊರಗುಳಿಯುತ್ತದೆ ಎಂಬುದು ತೇಜಸ್ವಿಯವರ ಆತಂಕವಾಗಿತ್ತು. ತಂತ್ರಾಂಶ ಮುಕ್ತವಾಗಿರಬೇಕು, ಎಲ್ಲರಿಗೂ ಸಿಗಬೇಕು ಎಂದು ಬರೆದರು, ಸರ್ಕಾರದೊಂದಿಗೆ ವಾದಿಸಿದರು. ಬರೀ ಬೈದು ಸುಮ್ಮನಾಗಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜೊತೆ ಸೇರಿ ಕನ್ನಡ ತಂತ್ರಾಂಶವೊಂದನ್ನು ಮಾಡಿಸಲು ಓಡಾಡಿದರು. ಅದಕ್ಕೆ ಕುವೆಂಪು ಅವರ ಹೆಸರನ್ನೇ ಇಡಲಾಯಿತು. ಪ್ರಶಸ್ತಿ ಸಮಾರಂಭಗಳಿಂದ ದೂರವೇ ಇರುತ್ತಿದ್ದ ಲೇಖಕ ಕೀಲಿಮಣೆ, ಫಾಂಟು ಎಂದು ಇಳಿವಯಸ್ಸಿನಲ್ಲಿ ತಲೆಕೆಡಿಸಿಕೊಂಡದ್ದು ಕೆಲವು ಸಾಹಿತಿಗಳಿಗೆ ವಿಚಿತ್ರವಾಗಿ ಕಂಡಿದ್ದರೂ ಕಂಡಿರಬಹುದು. ಅವರ ತಬರನ ಕಥೆ ನೆನಪಿದೆಯೇ? ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಆ ಮುದುಕನ ಕತೆ ಬರೆದವರಿಗೆ, ಒಂದು ಫಾಂಟಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವವರ ಕಷ್ಟ ಅರ್ಥವಾಗದೇ ಇದ್ದೀತೇ?

ಎಲ್ಲ ಭಾಷೆಯ ಅಕ್ಷರಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್ ಬಂದದ್ದು 1991ರಲ್ಲಿ. ಕನ್ನಡ, ತಮಿಳು ಎರಡಕ್ಕೂ ಅದರಲ್ಲಿ ಬೇರೆ ಬೇರೆ ಜಾಗ ಸಿಕ್ಕಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಸಹ ಇತ್ತು. ಆದರೂ ಒತ್ತಕ್ಷರ ಒಂದು ಕಡೆ, ಮಾತ್ರೆ ಇನ್ನೊಂದು ಕಡೆ ಬೀಳುತ್ತಿದ್ದವಲ್ಲ, ಯಾಕೆ? ಅಕ್ಷರಗಳನ್ನು ಕೂಡಿಸುವ ಭಾಗವನ್ನು ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್‌ನಲ್ಲಿ ಟಿಕ್ ಹಾಕಿ ಬೇರೆಯಾಗಿ ಸೇರಿಸಿಕೊಳ್ಳಬೇಕಿತ್ತು. ಟಿಕ್ ಹಾಕಿದರೆ ಅದು ವಿಂಡೋಸ್ ಸಿಡಿ ಕೇಳುತ್ತಿತ್ತು. ಅಂಗಡಿಯಲ್ಲಿ ಹಾಕಿಸಿಕೊಂಡು ಬಂದವರ ಬಳಿ ಸಿಡಿ ಎಲ್ಲಿರಬೇಕು? ಅಲ್ಲಿಗೆ ಕೆಲಸ ನಿಂತಿತು. ನನ್ನ ಲಗ್ನಪತ್ರಿಕೆಗೆ ಬೇಕಿದ್ದದ್ದಾದರೋ ಅದನ್ನು ಟೈಪ್ ಮಾಡಿದ ಫಾಂಟ್ ಅಷ್ಟೇ. ಅದಕ್ಕಾಗಿ ಘಟ್ಟ ಇಳಿದು ಹತ್ತಿದ್ದೆ!

ವಿಂಡೋಸ್ ವಿಸ್ತಾದಿಂದ ಈಚೆಗೆ ಈ ಟಿಕ್ಕಿನ ರಗಳೆ ಇಲ್ಲ. ವಿಸ್ತಾ 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂತು. ಅದೇ ವರ್ಷ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ತೇಜಸ್ವಿ ತೀರಿಕೊಂಡರು. ಅವರಿಗೆ ಆಗ 68 ವರ್ಷ. ಫೋನಿನಲ್ಲಿ ಕನ್ನಡವನ್ನೂ ತಮಿಳನ್ನೂ ಒಂದೇ ಸಾಲಿನಲ್ಲಿ ಒತ್ತುವ ಇಂದಿನ ನಮ್ಮ ಹುಡುಗರನ್ನು ಅವರು ನೋಡಲಿಲ್ಲ.

ಹಳೆಯ ಫೈಲುಗಳು ಮಾತ್ರ ಇನ್ನೂ ಹಲವರ ಮನೆಯಲ್ಲಿವೆ. ತೆರೆದಾಗ ಕಲಸುಮೇಲೋಗರ ಕಂಡರೆ ಅಳಿಸಬೇಡಿ. ಯಾವ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಎಂದು ಗೊತ್ತುಮಾಡಿಕೊಂಡು, ಅದೇ ಫಾಂಟ್ ಹಾಕಿ ನೋಡಿ. ಅಕ್ಷರ ಕಂಡ ಮೇಲೆ ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಿಸಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ನನ್ನ ಆ ಲಗ್ನಪತ್ರಿಕೆಯೂ ಹೀಗೇ ತೆರೆದುಕೊಂಡಿತು, ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ.