ಎರಡು ಗಂಟೆಗೊಮ್ಮೆ ಮಗ್ಗುಲು

1917ನೇ ಇಸವಿ. ಆಗ ಜರ್ಮನಿಗೆ ಸೇರಿದ್ದ, ಈಗ ಪೋಲೆಂಡಿನಲ್ಲಿರೋ ಒಂದು ಗಣಿ ಊರಿನ ಆಸ್ಪತ್ರೆ. ಹೆಚ್ಚುಕಮ್ಮಿ ನಮ್ಮ ವಯಸ್ಸಿನ ಹುಡುಗನೊಬ್ಬ ಅಲ್ಲಿ ಸ್ವಯಂಸೇವಕನಾಗಿದ್ದ. ಹೆಸರು ಲುಡ್ವಿಗ್ ಗುಟ್‌ಮನ್. ಒಂದು ದಿನ ಕಲ್ಲಿದ್ದಲು ಗಣಿಯ ಕಾರ್ಮಿಕನೊಬ್ಬನನ್ನು ತಂದು ಮಲಗಿಸಿದ್ರು. ಗಟ್ಟಿಮುಟ್ಟಾದ ಆಳು, ಆದರೆ ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಸ್ವಾಧೀನ ಇರಲಿಲ್ಲ. ಇವನ ಬಗ್ಗೆ ಜಾಸ್ತಿ ಬರೆದುಕೊಳ್ಳೋದು ಬೇಡ, ಕೆಲವೇ ವಾರದ ಮಾತು ಅಂತ ಹಿರಿಯ ಡಾಕ್ಟರು ಹೇಳಿಬಿಟ್ರು. ಹಾಗೇ ಆಯ್ತು. ಐದು ವಾರದಲ್ಲಿ ಅವನು ಸತ್ತುಹೋದ.

ಸತ್ತಿದ್ದು ಮೂಳೆ ಮುರಿದಿದ್ದಕ್ಕಲ್ಲ, ಮೈಗೆಲ್ಲ ಹರಡಿದ ಸೋಂಕಿಗೆ. ಆ ಹುಡುಗ ಇದನ್ನು ಮರೀಲಿಲ್ಲ.

ಗುಟ್‌ಮನ್ ಹುಟ್ಟಿದ್ದು 1899ರಲ್ಲಿ, ಯಹೂದಿ ಮನೆತನದಲ್ಲಿ. 1924ರಲ್ಲಿ ಡಾಕ್ಟರಾದರು. ಬ್ರೆಸ್ಲಾವ್ ನಗರದಲ್ಲಿ ಓಟ್‌ಫ್ರಿಡ್ ಫೋರ್ಸ್ಟರ್ ಅನ್ನೋ ದೊಡ್ಡ ನರತಜ್ಞರ ಕೈಕೆಳಗೆ ಪಳಗಿದರು. 1933ರಲ್ಲಿ ಹಿಟ್ಲರ್ ಬಂದ, ಯಹೂದಿ ಅನ್ನೋ ಒಂದೇ ಕಾರಣಕ್ಕೆ ಕೆಲಸ ಹೋಯ್ತು. ಅಲ್ಲಿನ ಯಹೂದಿ ಆಸ್ಪತ್ರೆ ಸೇರಿದರು. 1938ರ ನವೆಂಬರ್ 9ರ ರಾತ್ರಿ ಯಹೂದಿಗಳ ಮೇಲೆ ದಾಳಿ ಶುರುವಾದಾಗ, ಬಾಗಿಲಿಗೆ ಬಂದವರನ್ನೆಲ್ಲ ರೋಗಿ ಅಂತ ಸೇರಿಸಿಕೊಳ್ಳಿ ಅಂದ್ರು. ಮರುದಿನ ಗೆಸ್ಟಪೊ ಬಂದಾಗ ಒಬ್ಬೊಬ್ಬರಿಗೂ ಒಂದೊಂದು ಕಾಯಿಲೆ ಹೇಳಿ ಹೆಚ್ಚಿನವರನ್ನು ಉಳಿಸಿದರು. 1939ರ ಮಾರ್ಚಲ್ಲಿ ಹೆಂಡತಿ, ಇಬ್ಬರು ಮಕ್ಕಳ ಜೊತೆ ಇಂಗ್ಲೆಂಡಿಗೆ ಬಂದು ಸೇರಿದರು.

1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗ ಅವರ ಕೈಗೆ ಬಂತು. ಬೆನ್ನುಹುರಿಗೆ ಪೆಟ್ಟಾದ ಸೈನಿಕರು ಬದುಕಲ್ಲ ಅನ್ನೋದೇ ಆಗ ಎಲ್ಲರ ನಂಬಿಕೆ. ಅವರನ್ನು ಪ್ಲಾಸ್ಟರಲ್ಲಿ ಕಟ್ಟಿ ಮಲಗಿಸಿಬಿಡ್ತಿದ್ರು. ಗುಟ್‌ಮನ್ ಕೇಳಿದ ಪ್ರಶ್ನೆ ನಾವು ಲ್ಯಾಬಲ್ಲಿ ಕೇಳೋ ಥರದ್ದೇ: ನಿಜವಾಗಿ ಫೇಲ್ ಆಗ್ತಿರೋದು ಯಾವುದು? ಉತ್ತರ ಎರಡು. ಒಂದೇ ಮಗ್ಗುಲಲ್ಲಿ ಮಲಗಿ ಆಗೋ ಹುಣ್ಣು, ಮೂತ್ರದ ಸೋಂಕು. ಎರಡನ್ನೂ ತಡೀಬಹುದು. ಅವರು ಪ್ಲಾಸ್ಟರ್ ಬಿಚ್ಚಿಸಿದರು. ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಪ್ರತಿ ರೋಗಿಯ ಮಗ್ಗುಲು ಬದಲಾಯಿಸಬೇಕು ಅಂತ ನಿಯಮ ಮಾಡಿದರು. ಕೆಲಸ ಸರಿಯಾಗಿ ನಡೀತಿದ್ಯಾ ಅಂತ ರಾತ್ರಿ ಹೊತ್ತು ತಾವೇ ವಾರ್ಡಿಗೆ ಬಂದು ನೋಡ್ತಿದ್ರು. ಹೊಸ ಔಷಧಿಯಲ್ಲ, ಹೊಸ ಯಂತ್ರವೂ ಅಲ್ಲ. ಬರೀ ಮೇಂಟೆನೆನ್ಸ್!

ಬದುಕಿದವರು ಸುಮ್ಮನೆ ಮಲಗೋ ಹಾಗಿರಲಿಲ್ಲ. ಮರಗೆಲಸ, ಗಡಿಯಾರ ರಿಪೇರಿ ಕಲೀಬೇಕಿತ್ತು, ಆಟ ಆಡಬೇಕಿತ್ತು. 1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಶುರುವಾಯ್ತು. ಅದೇ ದಿನ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಜನ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲು ಹಿಡಿದರು. 1960ರಲ್ಲಿ ಅದು ರೋಮ್ ತಲುಪಿತು. ಅದೇ ಇವತ್ತಿನ ಪ್ಯಾರಾಲಿಂಪಿಕ್ಸ್. 1965ರ ಯುದ್ಧದಲ್ಲಿ ಗುಂಡೇಟು ತಿಂದ ನಮ್ಮ ಮುರಳೀಕಾಂತ್ ಪೇಟ್ಕರ್ 1972ರಲ್ಲಿ ಈಜಿ ಚಿನ್ನ ಗೆದ್ದಿದ್ದು ಇಲ್ಲೇ. ನಮ್ಮ ಕರ್ನಾಟಕದ ಗಿರೀಶ್ 2012ರಲ್ಲಿ ಲಂಡನ್ನಲ್ಲೇ ಹೈಜಂಪ್ ಬೆಳ್ಳಿ ತಂದರು. 1966ರಲ್ಲಿ ಗುಟ್‌ಮನ್‌ಗೆ ಸರ್ ಪದವಿ ಬಂತು. 1980ರಲ್ಲಿ ತೀರಿಕೊಂಡರು.

ಅವರ ಹತ್ರ ಮೊದಲು ಬಂದವರು ಯುದ್ಧದಲ್ಲಿ ಗಾಯಗೊಂಡವರು. ಆದರೆ ಬೆನ್ನುಹುರಿಗೆ ಪೆಟ್ಟು ಗುಂಡಿನಿಂದಲೇ ಆಗಬೇಕು ಅಂತೇನಿಲ್ಲ. ಬೆನ್ನೊಳಗೆ ಗಡ್ಡೆ, ಅಂದ್ರೆ ಟ್ಯೂಮರ್, ಬೆಳೆದು ಒತ್ತಿದ್ರೂ ಕಾಲು ಸೋಲುತ್ತೆ, ಮುಟ್ಟಿದ್ದು ಗೊತ್ತಾಗಲ್ಲ, ಮೂತ್ರದ ಹಿಡಿತ ತಪ್ಪುತ್ತೆ. ಆಪರೇಷನ್ ಮಾಡಿ ಗಡ್ಡೆ ತೆಗೆದ ತಕ್ಷಣ ಎಲ್ಲ ವಾಪಸ್ ಬರುತ್ತೆ ಅಂತಿಲ್ಲ, ಕೆಲವರಿಗೆ ಬರೋದೇ ಇಲ್ಲ. ಅದರಲ್ಲೂ ಕ್ಯಾನ್ಸರ್ ಗಡ್ಡೆಯಾದ್ರೆ, ಇನ್ನೆಷ್ಟು ದಿನವೋ, ಈಗ ವ್ಯಾಯಾಮ ಮಾಡಿಸಿ ಏನು ಪ್ರಯೋಜನ ಅಂತ ಮನೆಯವರಿಗೇ ಅನ್ಸಿಬಿಡುತ್ತೆ. ಆ ಗಣಿ ಕಾರ್ಮಿಕನ ಬಗ್ಗೆ ಆಡಿದ್ದೂ ಇದೇ ಮಾತು ಅಲ್ವಾ?

ಉಳಿದಿರೋದು ಆರೇ ತಿಂಗಳು ಅಂತಾನೇ ಇಟ್ಕೊಳ್ಳಿ. ಮೈಮೇಲೆ ಹುಣ್ಣಿಲ್ಲದೆ, ಮಂಚದಿಂದ ಗಾಲಿಕುರ್ಚಿಗೆ ತಾನೇ ಸರಿದು, ಮನೆ ಬಾಗಿಲ ತನಕ ಹೋಗಿ ಬೀದಿ ನೋಡೋಕಾದ್ರೆ ಅದು ಸಣ್ಣ ವಿಷಯ ಅಲ್ಲ. ದಿನ ಕಮ್ಮಿ ಇದ್ರೆ ಬೇಗ ಶುರು ಮಾಡಬೇಕು, ಬಿಡೋದಲ್ಲ.

ನಾವೆಲ್ಲ ರಾತ್ರಿ ಎರಡಕ್ಕೆ ಅಲಾರಂ ಇಡೋದು ಇಂಟರ್ನಲ್ಸ್‌ಗೆ ಓದೋಕೆ. ನಿಮ್ಮ ಮನೇಲೋ ಪಕ್ಕದ ಮನೇಲೋ ಹೀಗೆ ಮಲಗಿದವರಿದ್ದು, ರಾತ್ರಿಯೆಲ್ಲ ಒಬ್ಬರೇ ಅವರನ್ನು ನೋಡ್ಕೊಳ್ತಿದ್ರೆ, ರಜೆಗೆ ಹೋದಾಗ ಒಂದು ಅಲಾರಂ ಅವರಿಗೋಸ್ಕರ ಇಡಿ. ಮಗ್ಗುಲು ಬದಲಾಯಿಸೋದು ಹೇಗೆ ಅಂತ ಫಿಸಿಯೋಥೆರಪಿಸ್ಟ್ ಹತ್ರ ಮೊದಲು ಕೇಳಿ ತಿಳ್ಕೊಳ್ಳಿ. ಎರಡು ಗಂಟೆ ಆದ್ಮೇಲೆ ಇನ್ನೊಂದು ಸಲ ಏಳಬೇಕು, ಅಷ್ಟೇ.