ಸರ್ ಜೋಸೆಫ್ ಬ್ಯಾಜಲ್ಜೆಟ್ (1819–1891): ಲಂಡನ್ ನಗರದ ಒಳಚರಂಡಿ ವ್ಯವಸ್ಥೆಯ ನಿರ್ಮಾಪಕರು

ಮನೆಗೆ ಒಳಚರಂಡಿ ಸಂಪರ್ಕ ಕೋರಿ ಅರ್ಜಿ ಸಲ್ಲಿಸುವ ನಾಗರಿಕರಿಗೆ ನಕ್ಷೆ, ಪೂರ್ವಾನುಮತಿ, ಸ್ಥಳ ಪರಿಶೀಲನೆ ಮೊದಲಾದ ಹಂತಗಳು ಪರಿಚಿತವಾಗಿವೆ. ಇಡೀ ಮಹಾನಗರದ ಮಲಿನ ನೀರನ್ನು ಒಂದೇ ವ್ಯವಸ್ಥೆಗೆ ಒಳಪಡಿಸಿ, ಅದರ ಹೊಣೆಯನ್ನು ಒಂದೇ ಮಂಡಳಿಗೆ ವಹಿಸಿದ ಆಧುನಿಕ ಕಾಲದ ಮೊದಲ ದೊಡ್ಡ ಪ್ರಯತ್ನಗಳಲ್ಲಿ 19ನೆಯ ಶತಮಾನದ ಲಂಡನ್ ನಗರದ ಕಾಮಗಾರಿಯು ಪ್ರಮುಖವಾದುದು. ಆ ಮಂಡಳಿಯ ಮುಖ್ಯ ಅಭಿಯಂತರರಾಗಿ 33 ವರ್ಷಗಳ ಕಾಲ ಸೇವೆ ಸಲ್ಲಿಸಿದವರು ಸರ್ ಜೋಸೆಫ್ ವಿಲಿಯಂ ಬ್ಯಾಜಲ್ಜೆಟ್.

ಬ್ಯಾಜಲ್ಜೆಟ್ ಅವರು 1819ರ ಮಾರ್ಚ್ 28ರಂದು ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್‌ನಲ್ಲಿ ಜನಿಸಿದರು. ಇವರ ತಂದೆ ಬ್ರಿಟಿಷ್ ನೌಕಾಪಡೆಯ ಅಧಿಕಾರಿಯಾಗಿದ್ದರು. ತಾತ ಫ್ರಾನ್ಸ್ ದೇಶದಿಂದ ವಲಸೆ ಬಂದು ನೆಲೆಸಿದವರು. ರಾಜಕುಮಾರನಿಗೆ ಉಡುಪು ಹೊಲಿದುಕೊಡುವ ದರ್ಜಿಯಾಗಿದ್ದರು. ಬ್ಯಾಜಲ್ಜೆಟ್ ಅವರು 1836ರಲ್ಲಿ ಹೆಸರಾಂತ ಅಭಿಯಂತರರಾದ ಸರ್ ಜಾನ್ ಮ್ಯಾಕ್‌ನೀಲ್ ಅವರ ಕೈಕೆಳಗೆ ತರಬೇತಿಗೆ ಸೇರಿ, ಐರ್ಲೆಂಡಿನಲ್ಲಿ ಜೌಗು ಭೂಮಿಯ ನೀರು ಬಸಿಯುವ ಕಾಮಗಾರಿಗಳಲ್ಲಿ ಅನುಭವ ಗಳಿಸಿದರು. 1842ರಲ್ಲಿ ಲಂಡನ್ನಿನಲ್ಲಿ ಸ್ವಂತ ವೃತ್ತಿ ಆರಂಭಿಸಿದರು. ಅದು ಇಂಗ್ಲೆಂಡಿನಲ್ಲಿ ರೈಲುಮಾರ್ಗಗಳ ನಿರ್ಮಾಣವು ಭರಾಟೆಯಿಂದ ಸಾಗಿದ್ದ ಕಾಲ. ಕೆಲಸದ ಒತ್ತಡದಿಂದ 1847ರಲ್ಲಿ ಅವರ ಆರೋಗ್ಯ ಸಂಪೂರ್ಣವಾಗಿ ಕುಸಿಯಿತು. ವಿಶ್ರಾಂತಿ ಪಡೆದು ಚೇತರಿಸಿಕೊಂಡ ಬಳಿಕ, 1849ರ ಆಗಸ್ಟ್‌ನಲ್ಲಿ ಲಂಡನ್ನಿನ ಚರಂಡಿ ಆಯೋಗದಲ್ಲಿ ಸಹಾಯಕ ಸರ್ವೇಯರ್ ಹುದ್ದೆಗೆ ಸೇರಿದರು. ಆ ಹುದ್ದೆ ದೊಡ್ಡದಾಗಿರಲಿಲ್ಲ. ಎದುರಿದ್ದ ಸಮಸ್ಯೆ ಮಾತ್ರ ಅತ್ಯಂತ ದೊಡ್ಡದಾಗಿತ್ತು.

1851ರ ಜನಗಣತಿಯಂತೆ ಲಂಡನ್ನಿನ ಜನಸಂಖ್ಯೆ 23 ಲಕ್ಷವನ್ನು ಮೀರಿತ್ತು. ಬಹುಕಾಲ ಮನೆಗಳ ಕೆಳಗಿನ ಮಲಗುಂಡಿಗಳೇ ಅಲ್ಲಿನ ವ್ಯವಸ್ಥೆಯಾಗಿದ್ದವು. ಗುಂಡಿ ತುಂಬಿದಾಗ ಅದನ್ನು ರಾತ್ರಿ ವೇಳೆ ಖಾಲಿ ಮಾಡಿಸಿ, ಗೊಬ್ಬರವಾಗಿ ಹೊಲಗಳಿಗೆ ಸಾಗಿಸಲಾಗುತ್ತಿತ್ತು. ನಗರದ ಚರಂಡಿಗಳು ಮಳೆ ನೀರಿಗೆ ಮಾತ್ರ ಮೀಸಲಾಗಿದ್ದವು. ನೀರು ಸುರಿದು ತೊಳೆಯುವ ಶೌಚಾಲಯಗಳು ಬಳಕೆಗೆ ಬಂದಂತೆ ಗುಂಡಿಗಳು ಬೇಗನೆ ತುಂಬಿ ಹರಿಯತೊಡಗಿದವು. ಈ ಗುಂಡಿಗಳನ್ನು ಮುಚ್ಚಿ ಎಲ್ಲ ಮನೆಗಳನ್ನೂ ಚರಂಡಿಗೆ ಜೋಡಿಸಬೇಕೆಂದು 1848ರಿಂದ ಕಡ್ಡಾಯಪಡಿಸಲಾಯಿತು. ಆರು ವರ್ಷಗಳೊಳಗೆ ಸುಮಾರು 30,000 ಗುಂಡಿಗಳು ಮುಚ್ಚಿದವು. ಕ್ರಮವೇನೋ ಸದುದ್ದೇಶದ್ದು. ಆದರೆ ಚರಂಡಿಗಳೆಲ್ಲವೂ ಥೇಮ್ಸ್ ನದಿಗೆ ಸೇರುತ್ತಿದ್ದವು. ನಗರದ ಹಲವು ಭಾಗಗಳ ಕುಡಿಯುವ ನೀರೂ ಅದೇ ನದಿಯಿಂದ ಬರುತ್ತಿತ್ತು. ಮನೆಯ ಕೊಳೆಯನ್ನು ಹೊರಹಾಕಿ ಅದನ್ನೇ ನಲ್ಲಿಯ ಮೂಲಕ ಮರಳಿ ತರಿಸಿಕೊಂಡಂತಾಯಿತು. 1848–49ರ ಕಾಲರಾ ಪಿಡುಗಿನಲ್ಲಿ ಲಂಡನ್ನಿನಲ್ಲಿ 14,000ಕ್ಕೂ ಹೆಚ್ಚು ಜನರೂ, 1853–54ರಲ್ಲಿ 10,000ಕ್ಕೂ ಹೆಚ್ಚು ಜನರೂ ಮೃತಪಟ್ಟರು.

ಪರಿಹಾರಕ್ಕೆ ಅಡ್ಡಿಯಾಗಿದ್ದುದು ತಾಂತ್ರಿಕ ಜ್ಞಾನದ ಕೊರತೆಗಿಂತ ಹೆಚ್ಚಾಗಿ ಆಡಳಿತದ ಸ್ವರೂಪ. ಲಂಡನ್ ಎಂಬುದು ಆಗ ಆಡಳಿತದ ದೃಷ್ಟಿಯಿಂದ ಒಂದು ನಗರವೇ ಆಗಿರಲಿಲ್ಲ. ವೆಸ್ಟ್ರಿ ಎಂದು ಕರೆಯಲಾಗುತ್ತಿದ್ದ ಸ್ಥಳೀಯ ಸಭೆಗಳು, ರಸ್ತೆ ನೆಲಗಟ್ಟಿನ ಸಮಿತಿಗಳು, ದೀಪದ ಸಮಿತಿಗಳು ಸೇರಿ ಸುಮಾರು 300 ಸಂಸ್ಥೆಗಳು ಅಧಿಕಾರ ಹಂಚಿಕೊಂಡಿದ್ದವು. ಒಂದು ಪ್ರದೇಶದ ಚರಂಡಿಯು ಪಕ್ಕದ ಪ್ರದೇಶದ ಚರಂಡಿಗಿಂತ ಆಳದಲ್ಲಿದ್ದು, ಎರಡೂ ಕೂಡುವ ಸ್ಥಳದಲ್ಲಿ ನೀರು ಹಿಂದಕ್ಕೆ ನುಗ್ಗುವುದು ಅಪರೂಪವೇನಾಗಿರಲಿಲ್ಲ. 1848ರಲ್ಲಿ ಹಳೆಯ ಚರಂಡಿ ಆಯೋಗಗಳಲ್ಲಿ ಏಳನ್ನು ವಿಲೀನಗೊಳಿಸಿ ಒಂದು ಆಯೋಗ ರಚಿಸಿದರೂ, ಅದರ ಸದಸ್ಯರು ಮತ್ತೆ ಮತ್ತೆ ಬದಲಾದರು. ಯೋಜನೆಗಳಿಗೆ ಸಾರ್ವಜನಿಕ ಆಹ್ವಾನ ನೀಡಿದಾಗ ನೂರಕ್ಕೂ ಹೆಚ್ಚು ಸಲಹೆಗಳು ಬಂದವು, ಒಂದೂ ಕಾರ್ಯಗತವಾಗಲಿಲ್ಲ. ಆಯೋಗದ ಅಭಿಯಂತರರಾಗಿದ್ದ ಫ್ರಾಂಕ್ ಫಾರ್ಸ್ಟರ್ ಅವರು ಈ ಜಂಜಾಟದಲ್ಲಿಯೇ ಬಳಲಿ 1852ರಲ್ಲಿ ನಿಧನರಾದರು. ಆ ಸ್ಥಾನಕ್ಕೆ ಬ್ಯಾಜಲ್ಜೆಟ್ ಅವರು ಬಂದರು.

1855ರಲ್ಲಿ ಸಂಸತ್ತು ಮಹಾನಗರ ನಿರ್ವಹಣಾ ಕಾಯಿದೆಯನ್ನು ಅಂಗೀಕರಿಸಿ ಮಹಾನಗರ ಕಾಮಗಾರಿ ಮಂಡಳಿಯನ್ನು ಸ್ಥಾಪಿಸಿತು. (ಬೆಂಗಳೂರಿನಲ್ಲಿ ನೀರು ಸರಬರಾಜು ಮತ್ತು ಒಳಚರಂಡಿಗೆ ಪ್ರತ್ಯೇಕ ಮಂಡಳಿ ರಚನೆಯಾದುದು 1964ರಲ್ಲಿ.) ಲಂಡನ್ ಮಂಡಳಿಯ ಸದಸ್ಯರನ್ನು ಜನರು ನೇರವಾಗಿ ಚುನಾಯಿಸುತ್ತಿರಲಿಲ್ಲ, ಸ್ಥಳೀಯ ಸಭೆಗಳು ಅವರನ್ನು ಕಳುಹಿಸುತ್ತಿದ್ದವು. ಈ ದೋಷ ಮುಂದೆ ಮಂಡಳಿಗೆ ಮುಳುವಾಯಿತು. ಆದರೂ ಇಡೀ ನಗರಕ್ಕೆ ಒಂದೇ ಹೊಣೆಗಾರ ಸಂಸ್ಥೆ ಎಂಬುದು ಮೊದಲ ಬಾರಿಗೆ ಸಾಧ್ಯವಾಯಿತು. 1856ರ ಜನವರಿಯಲ್ಲಿ ಬ್ಯಾಜಲ್ಜೆಟ್ ಅವರು ಅದರ ಮುಖ್ಯ ಅಭಿಯಂತರರಾಗಿ ಆಯ್ಕೆಯಾದರು. ಸ್ಥಳೀಯ ಸಭೆಗಳು ತಮ್ಮ ಬೀದಿ ಚರಂಡಿಗಳನ್ನು ತಾವೇ ನಿರ್ಮಿಸಬಹುದಾಗಿತ್ತು. ಆದರೆ ಅವುಗಳ ನಕ್ಷೆಗೆ ಮಂಡಳಿಯ ಒಪ್ಪಿಗೆ ಪಡೆಯಬೇಕಾಗಿತ್ತು. ಹೊಸ ಮನೆ ಕಟ್ಟುವವರು ಅಡಿಪಾಯ ತೋಡುವ ಮುನ್ನವೇ ಸ್ಥಳೀಯ ಸಭೆಗೆ ತಿಳಿಸಿ, ಚರಂಡಿಯ ಮಟ್ಟವನ್ನು ನಿಗದಿಪಡಿಸಿಕೊಳ್ಳಬೇಕೆಂಬ ನಿಯಮವೂ ಆ ಕಾಯಿದೆಯಲ್ಲಿತ್ತು. ಇಂದಿನ ಅರ್ಜಿದಾರರಿಗೆ ವಿಳಂಬವೆಂದು ತೋರಬಹುದಾದ ಈ ಪೂರ್ವಾನುಮತಿಯ ಹಿನ್ನೆಲೆಯಲ್ಲಿ, ಎತ್ತರದ ಲೆಕ್ಕ ತಪ್ಪಿದ ಒಂದು ಮನೆಯಿಂದ ಇಡೀ ಬೀದಿಗೆ ಕೊಳಚೆ ನುಗ್ಗುತ್ತಿದ್ದ ಅನುಭವವಿದೆ.

ಬ್ಯಾಜಲ್ಜೆಟ್ ಅವರ ಯೋಜನೆಯು ಪೂರ್ಣವಾಗಿ ಅವರ ಸ್ವಂತ ಕಲ್ಪನೆಯಲ್ಲ. ಹಿಂದಿನವರ ಹಲವು ಸಲಹೆಗಳನ್ನು ಪರಿಷ್ಕರಿಸಿ ಜೋಡಿಸಿದುದು. ಉತ್ತರ-ದಕ್ಷಿಣವಾಗಿ ನದಿಯತ್ತ ಇಳಿಯುವ ಹಳೆಯ ಚರಂಡಿಗಳಿಗೆ ಅಡ್ಡಲಾಗಿ, ಪಶ್ಚಿಮದಿಂದ ಪೂರ್ವಕ್ಕೆ ದೊಡ್ಡ ಕಾಲುವೆಗಳನ್ನು ನೆಲದಡಿಯಲ್ಲಿ ನಿರ್ಮಿಸುವುದು, ಕೊಳಚೆ ನೀರನ್ನು ನಗರದ ಪೂರ್ವಕ್ಕೆ ಬಹುದೂರ ಸಾಗಿಸಿ ಸಮುದ್ರದ ಇಳಿತದ ವೇಳೆ ನದಿಗೆ ಬಿಡುವುದು ಇದರ ಸಾರ. ಆದರೆ ಮಂಡಳಿಯ ನಕ್ಷೆಗಳನ್ನು ತಡೆಹಿಡಿಯುವ ಅಧಿಕಾರ ಸರ್ಕಾರದ ಕಾಮಗಾರಿ ಆಯುಕ್ತರಿಗೆ ಇತ್ತು. ಕೊಳಚೆ ನೀರು ನದಿಗೆ ಸೇರುವ ಸ್ಥಳವು ನಗರಕ್ಕೆ ತೀರ ಹತ್ತಿರವಾಯಿತೆಂದು ನಕ್ಷೆಗಳು ತಿರಸ್ಕೃತವಾದವು. ಸರ್ಕಾರ ನೇಮಿಸಿದ ತಜ್ಞರು ಇನ್ನೂ ದೂರದ, ಬಹಳ ಹೆಚ್ಚು ವೆಚ್ಚದ ಸ್ಥಳವನ್ನು ಸೂಚಿಸಿದರು. ಅಷ್ಟು ಹಣ ಯಾರು ಕೊಡಬೇಕೆಂಬ ವಾದದಲ್ಲಿಯೇ ಎರಡು ವರ್ಷಗಳು ಕಳೆದವು.

1858ರ ಬೇಸಿಗೆ ಅಸಾಧಾರಣವಾಗಿ ಬಿಸಿಯಾಗಿತ್ತು. ನದಿಯ ದುರ್ವಾಸನೆ ದಂಡೆಯಲ್ಲಿಯೇ ಇದ್ದ ಸಂಸತ್ ಭವನವನ್ನು ತುಂಬಿತು. ಕಿಟಕಿಯ ಪರದೆಗಳನ್ನು ಸುಣ್ಣದ ಕ್ಲೋರೈಡಿನ ದ್ರಾವಣದಲ್ಲಿ ತೋಯಿಸಿ ತೂಗುಹಾಕಿದರೂ ಸದಸ್ಯರು ಕುಳಿತುಕೊಳ್ಳುವುದು ಕಷ್ಟವಾಯಿತು. ಬಡವರ ಕೇರಿಗಳಲ್ಲಿ ಸಾವಿರಾರು ಜನರು ಸತ್ತಾಗ ಆಗದ ನಿರ್ಣಯ, ಶಾಸನಕರ್ತರ ಮೂಗಿಗೆ ವಾಸನೆ ಬಡಿದಾಗ ಆಯಿತು. ಹಣಕಾಸು ಮಂತ್ರಿ ಡಿಸ್ರೇಲಿ ಅವರು ಜುಲೈ ಮಧ್ಯಭಾಗದಲ್ಲಿ ಮಂಡಿಸಿದ ಮಸೂದೆ ಆಗಸ್ಟ್ 2ರ ವೇಳೆಗೆ ಕಾಯಿದೆಯಾಯಿತು. ಮಂಡಳಿಗೆ 30 ಲಕ್ಷ ಪೌಂಡ್ ಸಾಲ ಪಡೆಯಲು, ಅದನ್ನು ತೀರಿಸಲು ನಗರವಾಸಿಗಳ ಆಸ್ತಿಯ ಮೇಲೆ ತೆರಿಗೆ ವಿಧಿಸಲು ಅನುಮತಿ ದೊರೆಯಿತು. ಆಯುಕ್ತರ ತಡೆಯಧಿಕಾರವೂ ರದ್ದಾಯಿತು.

1859ರಲ್ಲಿ ಕಾಮಗಾರಿ ಆರಂಭವಾಯಿತು. ನದಿಯ ಉತ್ತರಕ್ಕೆ ಮೇಲಿನ, ನಡುವಿನ, ಕೆಳಗಿನ ಮಟ್ಟಗಳಲ್ಲಿ ಮೂರು ಮುಖ್ಯ ಕಾಲುವೆಗಳು, ದಕ್ಷಿಣದಲ್ಲಿ ಬೇರೆ ಕಾಲುವೆಗಳು. ಒಟ್ಟು ಉದ್ದ 82 ಮೈಲಿ, ಅಂದರೆ ಸುಮಾರು 132 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗಿರುವ ದೂರಕ್ಕಿಂತ ಇದು ಸ್ವಲ್ಪವೇ ಕಡಿಮೆ. ಇದಲ್ಲದೆ ಸಾವಿರಕ್ಕೂ ಹೆಚ್ಚು ಮೈಲಿ ಉದ್ದದ ಬೀದಿ ಚರಂಡಿಗಳು ಈ ವ್ಯವಸ್ಥೆಗೆ ಸೇರಿದವು. ಬಳಕೆಯಾದ ಇಟ್ಟಿಗೆಗಳ ಸಂಖ್ಯೆ 31.8 ಕೋಟಿ. ಪೇಟೆಯಲ್ಲಿ ಇಟ್ಟಿಗೆಯ ಬೆಲೆಯೂ ಕೆಲಸಗಾರರ ಕೂಲಿಯೂ ಏರಿದವು. ವೆಚ್ಚವು ಕೊನೆಗೆ 40 ಲಕ್ಷ ಪೌಂಡ್ ಮೀರಿತು. ಸಾಧ್ಯವಾದಲ್ಲೆಲ್ಲ ನೀರು ತನ್ನಷ್ಟಕ್ಕೆ ಹರಿಯುವಂತೆ ಮೈಲಿಗೆ ಎರಡು ಅಡಿಯಷ್ಟು ಇಳಿಜಾರು ಕೊಡಲಾಗಿತ್ತು. ತಗ್ಗಿನ ಪ್ರದೇಶಗಳ ನೀರನ್ನು ಮೇಲೆತ್ತಲು ಉಗಿಯಂತ್ರಗಳ ಪಂಪ್‌ಹೌಸ್‌ಗಳು ನಿರ್ಮಾಣವಾದವು. ದಕ್ಷಿಣದ ಕ್ರಾಸ್‌ನೆಸ್ ಕೇಂದ್ರವು 1865ರ ಏಪ್ರಿಲ್‌ನಲ್ಲಿ, ಉತ್ತರದ ಅಬೆ ಮಿಲ್ಸ್ ಕೇಂದ್ರವು 1868ರಲ್ಲಿ ಕಾರ್ಯಾರಂಭ ಮಾಡಿದವು.

ಕಾಮಗಾರಿಯ ಗುಣಮಟ್ಟದ ಬಗ್ಗೆ ಬ್ಯಾಜಲ್ಜೆಟ್ ಅವರು ವಹಿಸಿದ ಎಚ್ಚರಿಕೆ ವಿಶೇಷವಾಗಿ ಉಲ್ಲೇಖನೀಯ. ನೀರಿನಲ್ಲಿ ಗಟ್ಟಿಯಾಗುವ ಪೋರ್ಟ್‌ಲ್ಯಾಂಡ್ ಸಿಮೆಂಟು ಆಗ ಹೊಸದು. ಸರಿಯಾಗಿ ತಯಾರಾದರೆ ಹಳೆಯ ಸಿಮೆಂಟಿಗಿಂತ ಬಹಳ ಬಲವಾದುದು. ತಯಾರಿಕೆಯಲ್ಲಿ ತಪ್ಪಿದರೆ ನಂಬಲಾಗದು. ಸಾರ್ವಜನಿಕ ಕಾಮಗಾರಿಯಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಅದನ್ನು ಬಳಸಲು ಅವರು ಒಪ್ಪಿದುದು ಒಂದು ಷರತ್ತಿನ ಮೇಲೆ: ಬರುವ ಸರಕನ್ನು ಮಂಡಳಿಯ ಸಿಬ್ಬಂದಿಯೇ ಪರೀಕ್ಷಿಸಬೇಕು. ಅವರ ಸಹಾಯಕ ಜಾನ್ ಗ್ರ್ಯಾಂಟ್ ಅವರು ಸಿಮೆಂಟಿನ ತುಣುಕುಗಳನ್ನು ಯಂತ್ರದಲ್ಲಿ ಎಳೆದು ಮುರಿಯುವ ಭಾರವನ್ನು ದಾಖಲಿಸಿದರು. ಸಾವಿರಾರು ಪರೀಕ್ಷೆಗಳ ಫಲಿತಾಂಶವನ್ನು ಪ್ರಕಟಿಸಿದರು. ನಿಗದಿತ ಬಲಕ್ಕೆ ಕಡಿಮೆಯಿದ್ದ ಸರಕು ಹಿಂದಕ್ಕೆ ಹೋಗುತ್ತಿತ್ತು. ಗುತ್ತಿಗೆದಾರರ ಮಾತಿನ ಮೇಲಾಗಲಿ, ಕಾರ್ಖಾನೆಯ ಹೆಸರಿನ ಮೇಲಾಗಲಿ ಅವಲಂಬಿಸದೆ, ಇಲಾಖೆಯೇ ಅಳೆದು ಒಪ್ಪಿಕೊಳ್ಳುವ ಈ ಪದ್ಧತಿಯು ಮುಂದೆ ಇತರ ಕಡೆಗಳಲ್ಲಿಯೂ ರೂಢಿಗೆ ಬಂದಿತು. ಕಾಲುವೆಯ ಗೋಡೆಗಳು ಒಂದೂವರೆ ಶತಮಾನದ ಬಳಿಕವೂ ಬಳಕೆಯಲ್ಲಿರುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ರೋಗ ಹರಡುವುದು ಕೆಟ್ಟ ಗಾಳಿಯಿಂದ ಎಂಬುದು ಆ ಕಾಲದ ಬಹುಪಾಲು ವೈದ್ಯರ ಮತ್ತು ಅಧಿಕಾರಿಗಳ ನಂಬಿಕೆ. ಕಾಲರಾ ನೀರಿನ ಮೂಲಕ ಹರಡುತ್ತದೆಂದು ವೈದ್ಯ ಜಾನ್ ಸ್ನೋ ಅವರು 1854ರಲ್ಲಿ ಒಂದು ಬೀದಿಯ ನೀರಿನ ಪಂಪಿನ ಸುತ್ತಲಿನ ಸಾವುಗಳನ್ನು ಲೆಕ್ಕ ಹಾಕಿ ತೋರಿಸಿದ್ದರೂ, ಅದನ್ನು ಒಪ್ಪಿದವರು ಕೆಲವರೇ. ಹೀಗಾಗಿ ವಾಸನೆಯನ್ನು ನಿವಾರಿಸಲೆಂದು ಕಟ್ಟಿದ ಕಾಲುವೆಗಳು ನೀರನ್ನು ಶುದ್ಧವಾಗಿಟ್ಟು ಜೀವ ಉಳಿಸಿದವು. ಇದಕ್ಕೆ ಪುರಾವೆ ದುಃಖಕರ ರೀತಿಯಲ್ಲಿ ಒದಗಿತು. 1866ರಲ್ಲಿ ಕಾಲರಾ ಮತ್ತೆ ಬಂದಾಗ ಲಂಡನ್ನಿನ ಬಹುಭಾಗ ಪಾರಾಯಿತು. ಪೂರ್ವ ಭಾಗದ ಬಡಾವಣೆಗಳಲ್ಲಿ ಮಾತ್ರ 5,000ಕ್ಕೂ ಹೆಚ್ಚು ಜನರು ಸತ್ತರು. ಅಲ್ಲಿ ನೀರು ಪೂರೈಸುತ್ತಿದ್ದ ಖಾಸಗಿ ಕಂಪನಿಯ ನೀರು ಕಲುಷಿತವಾಗಿತ್ತು. ಆ ಪ್ರದೇಶದ ಕೊಳಚೆಯನ್ನು ಎತ್ತಬೇಕಾಗಿದ್ದ ಅಬೆ ಮಿಲ್ಸ್ ಪಂಪ್‌ಹೌಸ್ ಇನ್ನೂ ಪೂರ್ಣಗೊಂಡಿರಲಿಲ್ಲ. ಲಂಡನ್ನಿಗೆ ಅದೇ ಕೊನೆಯ ಕಾಲರಾ ಪಿಡುಗು.

ಉತ್ತರದ ಕೆಳಮಟ್ಟದ ಕಾಲುವೆಗಾಗಿ ಜನನಿಬಿಡ ರಸ್ತೆಗಳನ್ನು ಅಗೆಯುವ ಬದಲು ನದಿಯ ಅಂಚಿನಲ್ಲಿಯೇ ದೊಡ್ಡ ಒಡ್ಡನ್ನು ಕಟ್ಟಲಾಯಿತು. 1870ರಲ್ಲಿ ಪೂರ್ಣಗೊಂಡ ವಿಕ್ಟೋರಿಯಾ ಒಡ್ಡಿನ ಒಳಗೆ ಕಾಲುವೆಯ ಜೊತೆಗೆ ಭೂಗತ ರೈಲುಮಾರ್ಗವೂ, ಅನಿಲ ಮತ್ತು ನೀರಿನ ಕೊಳವೆಗಳಿಗಾಗಿ ಮನುಷ್ಯರು ನಡೆದಾಡಬಹುದಾದ ಪ್ರತ್ಯೇಕ ಸುರಂಗವೂ ಇವೆ. ಕೊಳವೆ ದುರಸ್ತಿಗೆ ಮೇಲಿನ ರಸ್ತೆಯನ್ನು ಅಗೆಯಬೇಕಿಲ್ಲ. ನಮ್ಮ ನಗರವಾಸಿಗಳು ಅಸೂಯೆಪಡಬಹುದಾದ ಅನುಕೂಲವಿದು. ಆಲ್ಬರ್ಟ್ ಮತ್ತು ಚೆಲ್ಸಿ ಒಡ್ಡುಗಳು, ಪಟ್ನಿ, ಹ್ಯಾಮರ್‌ಸ್ಮಿತ್ ಹಾಗೂ ಬ್ಯಾಟರ್ಸಿ ಸೇತುವೆಗಳು, ಹಲವು ಹೊಸ ರಸ್ತೆಗಳು ಇವರ ಇತರ ಕೆಲಸಗಳು. 1875ರಲ್ಲಿ ಇವರಿಗೆ ಸರ್ ಪದವಿ ದೊರೆಯಿತು.

ವ್ಯವಸ್ಥೆ ನಿರ್ದೋಷವಾಗಿರಲಿಲ್ಲ. ಕೊಳಚೆ ನೀರನ್ನು ಯಾವ ಸಂಸ್ಕರಣೆಯೂ ಇಲ್ಲದೆ ನದಿಗೆ ಬಿಡಲಾಗುತ್ತಿತ್ತು. ನಗರದ ಹೊಲಸು ಕೆಳದಂಡೆಯ ಜನರ ಪಾಲಾಯಿತು. 1878ರ ಸೆಪ್ಟೆಂಬರಿನಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ಪ್ರಯಾಣಿಕರ ಹಡಗು ಕೊಳಚೆ ನೀರು ಹೊರಬೀಳುವ ಸ್ಥಳದ ಸಮೀಪದಲ್ಲಿಯೇ ಮುಳುಗಿ 600ಕ್ಕೂ ಹೆಚ್ಚು ಜನರು ಸತ್ತಾಗ ನದಿಯ ಸ್ಥಿತಿಯ ಬಗ್ಗೆ ಗಂಭೀರ ಪ್ರಶ್ನೆಗಳೆದ್ದವು. ನದಿಗೆ ಹಾನಿಯಾಗುತ್ತಿಲ್ಲವೆಂದು ಮಂಡಳಿಯು ವರ್ಷಗಟ್ಟಲೆ ವಾದಿಸಿತು. 1882ರಲ್ಲಿ ನೇಮಕವಾದ ವಿಚಾರಣಾ ಆಯೋಗವು ಆ ವಾದವನ್ನು ಒಪ್ಪಲಿಲ್ಲ. ಬಳಿಕ ಘನ ಪದಾರ್ಥವನ್ನು ಬೇರ್ಪಡಿಸಿ ಹಡಗಿನಲ್ಲಿ ಸಮುದ್ರಕ್ಕೆ ಸಾಗಿಸುವ ಏರ್ಪಾಟಾಯಿತು. 1887ರಲ್ಲಿ ಈ ಕೆಲಸಕ್ಕಿಳಿದ ಮೊದಲ ಹಡಗಿಗೆ ಮುಖ್ಯ ಅಭಿಯಂತರರ ಹೆಸರನ್ನೇ ಇಡಲಾಯಿತು.

ಅಷ್ಟರಲ್ಲಿ ಮಂಡಳಿಯ ಕೆಲವು ಅಧಿಕಾರಿಗಳು ಜಮೀನು ಗುತ್ತಿಗೆಯಲ್ಲಿ ಲಂಚ ಪಡೆದುದು ಬಯಲಾಯಿತು. 1888ರ ವಿಚಾರಣೆಯಲ್ಲಿ ಬ್ಯಾಜಲ್ಜೆಟ್ ಅವರ ಮೇಲೆ ಯಾವ ಕಳಂಕವೂ ಬರಲಿಲ್ಲವಾದರೂ ಮಂಡಳಿಯು ಜನರ ವಿಶ್ವಾಸವನ್ನು ಕಳೆದುಕೊಂಡಿತ್ತು. 1889ರ ಮಾರ್ಚ್‌ನಲ್ಲಿ ಅದು ರದ್ದಾಗಿ, ಜನರಿಂದ ನೇರವಾಗಿ ಆಯ್ಕೆಯಾದ ಲಂಡನ್ ಕೌಂಟಿ ಕೌನ್ಸಿಲ್ ಅಧಿಕಾರ ವಹಿಸಿಕೊಂಡಿತು. ಅದೇ ವರ್ಷ ಬ್ಯಾಜಲ್ಜೆಟ್ ಅವರು ನಿವೃತ್ತರಾದರು. 1891ರ ಮಾರ್ಚ್ 15ರಂದು ವಿಂಬಲ್ಡನ್ನಿನಲ್ಲಿ ನಿಧನರಾದರು. ಆ ವೇಳೆಗೆ ಲಂಡನ್ನಿನ ಜನಸಂಖ್ಯೆ 42 ಲಕ್ಷವನ್ನು ತಲುಪಿತ್ತು.

ಮಳೆ ನೀರು ಮತ್ತು ಕೊಳಚೆ ನೀರು ಒಂದೇ ಕಾಲುವೆಯಲ್ಲಿ ಹರಿಯುವ ಆ ವ್ಯವಸ್ಥೆ ಇಂದಿಗೂ ಬಳಕೆಯಲ್ಲಿದೆ. ಜೋರು ಮಳೆಯಲ್ಲಿ ಅದು ಉಕ್ಕಿ ಥೇಮ್ಸ್ ನದಿಗೆ ಸೇರುವುದನ್ನು ತಡೆಯಲು ನದಿಯಡಿಯಲ್ಲಿ ಕೊರೆದ 25 ಕಿಲೋಮೀಟರ್ ಉದ್ದದ ಹೊಸ ಸುರಂಗವು 2025ರಲ್ಲಿ ಪೂರ್ಣವಾಗಿ ಹಳೆಯ ಕಾಲುವೆಗಳಿಗೆ ಜೋಡಣೆಯಾಯಿತು.