ಭಾಷಾಚಾರ್ಯ ಸುನೀತಿಕುಮಾರ ಚಟರ್ಜಿ

ನಾವು ದಿನವೂ ಆಡುವ ಮಾತು ನಮಗೆ ಉಸಿರಿನಷ್ಟೇ ಸಹಜವಾದುದು. ಉಸಿರಾಡುವವನು ಗಾಳಿಯ ಗುಣವನ್ನು ವಿಚಾರಿಸುತ್ತ ಕೂಡುವುದಿಲ್ಲ. ಅದರಂತೆಯೇ ಮಾತನಾಡುವವನು ತನ್ನ ನುಡಿ ಎಲ್ಲಿಂದ ಬಂದಿತು, ಯಾವ ದಾರಿಯಲ್ಲಿ ಬೆಳೆಯಿತು ಎಂದು ಕೇಳುವುದು ಅಪರೂಪ. ಈ ಪ್ರಶ್ನೆಯನ್ನು ಕೇಳಿದವರು, ಅದರ ಉತ್ತರಕ್ಕಾಗಿ ತಮ್ಮ ಬಾಳನ್ನೇ ಮೀಸಲಾಗಿಟ್ಟವರು ಸುನೀತಿಕುಮಾರ ಚಟರ್ಜಿ. ಆಧುನಿಕ ಭಾರತದ ಭಾಷಾವಿಜ್ಞಾನಿಗಳಲ್ಲಿ ಅವರು ಅಗ್ರಗಣ್ಯರು.

ಸುನೀತಿಕುಮಾರರು 1890ನೆಯ ಇಸವಿ ನವೆಂಬರ್ 26ರಂದು ಹೌರಾ ಬಳಿಯ ಶಿಬ್‌ಪುರದಲ್ಲಿ ಜನಿಸಿದರು. ತಂದೆ ಹರಿದಾಸ ಚಟ್ಟೋಪಾಧ್ಯಾಯರು, ತಾಯಿ ಕಾತ್ಯಾಯನೀದೇವಿ. ಮನೆತನದಲ್ಲಿ ವಿದ್ಯೆಗೆ ಗೌರವವಿತ್ತು. ಸಂಪತ್ತು ಹೇಳಿಕೊಳ್ಳುವಷ್ಟು ಇರಲಿಲ್ಲ. ಬಾಲಕನು ಕಲ್ಕತ್ತೆಯ ಮೋತಿಲಾಲ್ ಸೀಲ್ ಉಚಿತ ಶಾಲೆಯಲ್ಲಿ ಓದಿ, 1907ರಲ್ಲಿ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಉನ್ನತ ಸ್ಥಾನವನ್ನು ಪಡೆದನು. ಮುಂದೆ ಸ್ಕಾಟಿಷ್ ಚರ್ಚ್ ಕಾಲೇಜಿನಲ್ಲಿಯೂ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಅವರ ವಿದ್ಯಾಭ್ಯಾಸ ನಡೆಯಿತು. 1911ರ ಬಿ.ಎ. ಪರೀಕ್ಷೆಯಲ್ಲಿಯೂ 1913ರ ಎಂ.ಎ. ಪರೀಕ್ಷೆಯಲ್ಲಿಯೂ ಇಂಗ್ಲಿಷ್ ವಿಷಯದಲ್ಲಿ ಅವರೇ ಮೊದಲಿಗರಾಗಿ ತೇರ್ಗಡೆಯಾದರು.

ಇಂಗ್ಲಿಷ್ ಓದಿದ ತರುಣನು ಬಂಗಾಳಿ ಭಾಷೆಯ ಇತಿಹಾಸಕಾರನಾದುದು ಹೇಗೆ? ಅದಕ್ಕೆ ಕಾರಣ ಅವರ ಪಾಠಗಳಲ್ಲಿಯೇ ಇತ್ತು. ಎಂ.ಎ. ತರಗತಿಯಲ್ಲಿ ಅವರು ಪ್ರಾಚೀನ ಇಂಗ್ಲಿಷ್ ಭಾಷೆಯನ್ನೂ ಅದರ ಬೆಳವಣಿಗೆಯ ಚರಿತ್ರೆಯನ್ನೂ ಅಭ್ಯಾಸ ಮಾಡಿದ್ದರು. ಪಾಶ್ಚಾತ್ಯ ವಿದ್ವಾಂಸರು ತಮ್ಮ ನುಡಿಯ ಒಂದೊಂದು ಶಬ್ದದ ಜಾಡನ್ನೂ ಸಾವಿರ ವರ್ಷಗಳ ಹಿಂದಕ್ಕೆ ಹಿಡಿದುಹೋಗಿರುವುದನ್ನು ಕಂಡಾಗ, ತಮ್ಮ ತಾಯ್ನುಡಿಗೂ ಅಂತಹ ಚರಿತ್ರೆ ಏಕಿರಬಾರದು ಎಂಬ ಆಲೋಚನೆ ಅವರಲ್ಲಿ ಹುಟ್ಟಿತು.

ಆ ಕಾಲದ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಕಾಲೇಜುಗಳಲ್ಲಿ ಇಂಗ್ಲಿಷಿಗೆ ಅಗ್ರಪೂಜೆ ಸಲ್ಲುತ್ತಿತ್ತು. ಪಂಡಿತರ ಮನ್ನಣೆ ಸಂಸ್ಕೃತಕ್ಕೆ ಮೀಸಲಾಗಿತ್ತು. ದೇಶಭಾಷೆಗಳು ಸಂಸ್ಕೃತವು ಕೆಟ್ಟು ಉಳಿದ ರೂಪಗಳೆಂದು ಭಾವಿಸಿದವರೂ ಇದ್ದರು. ಆಡುನುಡಿಯಲ್ಲಿ ಪದವಿ ಪಡೆಯಲು ಏನಿದೆ ಎಂಬುದು ಅನೇಕರ ಪ್ರಶ್ನೆಯಾಗಿತ್ತು. ಈ ಪ್ರಶ್ನೆಗೆ ಕಾರ್ಯರೂಪದ ಉತ್ತರವನ್ನು ಕೊಟ್ಟವರು ಕಲ್ಕತ್ತಾ ವಿಶ್ವವಿದ್ಯಾನಿಲಯದ ಸರ್ ಆಶುತೋಷ ಮುಖರ್ಜಿಯವರು. ಅವರ ಪ್ರಯತ್ನದಿಂದ 1919ರಲ್ಲಿ ಭಾರತೀಯ ಭಾಷೆಗಳಲ್ಲಿ ಎಂ.ಎ. ವ್ಯಾಸಂಗವು ಅಲ್ಲಿ ಆರಂಭವಾಯಿತು. ಆ ಪದವಿಯು ಸುಲಭವಾಗಿ ದೊರೆಯುವಂತಹುದಾಗಿರಲಿಲ್ಲ. ವಿದ್ಯಾರ್ಥಿಯು ಒಂದು ಭಾಷೆಯನ್ನು ಮುಖ್ಯವಾಗಿ ಓದುವುದರ ಜೊತೆಗೆ ಮತ್ತೊಂದು ಭಾರತೀಯ ಭಾಷೆಯನ್ನು ಕಲಿಯಬೇಕಾಗಿತ್ತು. ಪಾಲಿ, ಪ್ರಾಕೃತಗಳಂತಹ ಮೂಲಭಾಷೆಗಳ ಪರಿಚಯವನ್ನೂ ಪಡೆಯಬೇಕಾಗಿತ್ತು. ತನ್ನ ನುಡಿಯೊಂದನ್ನೇ ಬಲ್ಲವನು ತನ್ನ ನುಡಿಯನ್ನೂ ಪೂರ್ಣವಾಗಿ ಅರಿಯಲಾರನು ಎಂಬುದು ಈ ವ್ಯವಸ್ಥೆಯ ತಿರುಳು.

ಅದೇ 1919ರಲ್ಲಿ ಸುನೀತಿಕುಮಾರರು ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು ಲಂಡನ್ನಿಗೆ ತೆರಳಿದರು. ಆಗಲೇ ಅವರು ಇಂಗ್ಲಿಷ್ ಬೋಧಿಸುತ್ತಿದ್ದ ಅಧ್ಯಾಪಕರು. ಆದರೂ ಮತ್ತೆ ವಿದ್ಯಾರ್ಥಿಯ ಪೀಠದಲ್ಲಿ ಕುಳಿತುಕೊಳ್ಳಲು ಅವರಿಗೆ ಸಂಕೋಚವಾಗಲಿಲ್ಲ. ಧ್ವನಿಶಾಸ್ತ್ರವನ್ನು ಡೇನಿಯಲ್ ಜೋನ್ಸರಿಂದಲೂ ಪ್ರಾಕೃತವನ್ನು ಬಾರ್ನೆಟ್ಟರಿಂದಲೂ ಇಂಡೋ-ಯೂರೋಪಿಯನ್ ಭಾಷಾಶಾಸ್ತ್ರವನ್ನು ಥಾಮಸರಿಂದಲೂ ಕಲಿತರು. ಇವಲ್ಲದೆ ಪಾರಸಿ, ಪ್ರಾಚೀನ ಐರಿಷ್, ಗಾಥಿಕ್ ಮುಂತಾದ ಭಾಷೆಗಳನ್ನೂ ಅಭ್ಯಸಿಸಿದರು.

ಧ್ವನಿಶಾಸ್ತ್ರಕ್ಕೆ ಕಣ್ಣಿಗಿಂತ ಕಿವಿ ಮುಖ್ಯ. ಬರೆದ ಅಕ್ಷರವನ್ನು ನಂಬದೆ, ಬಾಯಿಂದ ಹೊರಟ ಧ್ವನಿಯನ್ನು ಆಲಿಸಿ, ನಾಲಗೆ ತುಟಿಗಳ ಚಲನೆಯನ್ನು ಗಮನಿಸಿ ಗುರುತುಹಾಕಿಕೊಳ್ಳುವುದು ಆ ಶಾಸ್ತ್ರದ ಕ್ರಮ. ಬಂಗಾಳಿಯು ಲಕ್ಷ್ಮೀ ಎಂದು ಬರೆಯುತ್ತಾನೆ. ಓದುವಾಗ ಲೊಕ್ಖಿ ಎನ್ನುತ್ತಾನೆ. ಬರಹವನ್ನು ಮಾತ್ರ ನೋಡುವವನಿಗೆ ಈ ಉಚ್ಚಾರಣೆ ತಪ್ಪೆಂದು ತೋರೀತು; ಭಾಷೆಯ ಚರಿತ್ರೆಯನ್ನು ಬಲ್ಲವನಿಗೆ ಅದರ ಹಿಂದಿರುವ ನಿಯಮ ಕಾಣುತ್ತದೆ. ಇಂತಹ ನಿಯಮಗಳನ್ನು ಕುರಿತು ಬರೆದ ಮಹಾಪ್ರಬಂಧಕ್ಕೆ ಲಂಡನ್ ವಿಶ್ವವಿದ್ಯಾನಿಲಯವು 1921ರಲ್ಲಿ ಸುನೀತಿಕುಮಾರರಿಗೆ ಡಿ.ಲಿಟ್. ಪದವಿಯನ್ನು ನೀಡಿತು.

ಪದವಿ ಕೈಗೆ ಬಂದರೂ ಅವರ ಕಲಿಕೆ ಮುಗಿಯಲಿಲ್ಲ. ಅವರು ಪ್ಯಾರಿಸಿಗೆ ಹೋಗಿ, ಆಂತ್ವಾನ್ ಮೆಯ್ಯೆ, ಝೂಲ್ ಬ್ಲಾಕ್ ಮೊದಲಾದ ವಿದ್ವಾಂಸರ ಬಳಿ ವ್ಯಾಸಂಗವನ್ನು ಮುಂದುವರಿಸಿದರು. ಮರಾಠಿ ಭಾಷೆ ರೂಪುಗೊಂಡ ಬಗೆಯನ್ನು ಕುರಿತು ಬ್ಲಾಕರು ರಚಿಸಿದ್ದ ಗ್ರಂಥವು ಅವರಿಗೆ ಒಳ್ಳೆಯ ಮಾದರಿಯಾಯಿತು. 1922ರಲ್ಲಿ ತಾಯ್ನಾಡಿಗೆ ಮರಳಿದಾಗ, ಆಶುತೋಷ ಮುಖರ್ಜಿಯವರು ಅವರನ್ನು ಕಲ್ಕತ್ತಾ ವಿಶ್ವವಿದ್ಯಾನಿಲಯದ ಖೈರಾ ಪ್ರಾಧ್ಯಾಪಕರನ್ನಾಗಿ ನೇಮಿಸಿದರು. ಆ ಪೀಠದಲ್ಲಿ ಅವರು ಮೂವತ್ತು ವರ್ಷಗಳ ಕಾಲ ಸೇವೆ ಸಲ್ಲಿಸಿದರು.

1926ರಲ್ಲಿ ಅವರ ಮೇರುಕೃತಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಬಂಗಾಳಿ ಭಾಷೆಯ ಉಗಮ ಮತ್ತು ವಿಕಾಸ ಅದರ ವಸ್ತು. ಸಂಸ್ಕೃತದ ಹಸ್ತ ಎಂಬ ಶಬ್ದವು ಪ್ರಾಕೃತದಲ್ಲಿ ಹತ್ಥ ಎಂದಾಗಿ, ಬಂಗಾಳಿಯಲ್ಲಿ ಹಾತ್ ಎಂದಾಯಿತು. ಕಾರ್ಯ ಎಂಬುದು ಕಜ್ಜವಾಗಿ, ಕಾಜ್ ಎಂದು ನಿಂತಿತು. ಮೇಲುನೋಟಕ್ಕೆ ಇದು ಸವಕಳಿಯಂತೆ ಕಾಣುತ್ತದೆ. ಆದರೆ ಈ ಮಾರ್ಪಾಡು ಸಾವಿರಾರು ಶಬ್ದಗಳಲ್ಲಿ ಒಂದೇ ಕ್ರಮದಿಂದ ನಡೆದಿದೆಯೆಂದು ತೋರಿಸಿದಾಗ, ಆಡುನುಡಿಯು ಕೆಟ್ಟ ನುಡಿ ಎಂಬ ಮಾತಿಗೆ ಆಧಾರವೇ ಉಳಿಯಲಿಲ್ಲ. ನೇಪಾಳದಲ್ಲಿ ಹರಪ್ರಸಾದ ಶಾಸ್ತ್ರಿಗಳಿಗೆ ದೊರೆತಿದ್ದ ಚರ್ಯಾಪದಗಳು ಪ್ರಾಚೀನ ಬಂಗಾಳಿಯವೆಂಬುದನ್ನು ವ್ಯಾಕರಣದ ಆಧಾರದಿಂದ ಪ್ರತಿಪಾದಿಸಿದವರೂ ಅವರೇ.

ಅವರ ದೃಷ್ಟಿ ಬಂಗಾಳಕ್ಕೆ ಸೀಮಿತವಾಗಿರಲಿಲ್ಲ. ನಾವು ಕುದುರೆ-ಗಿದುರೆ ಎನ್ನುತ್ತೇವೆ. ಬಂಗಾಳಿಗಳು ಘೋಡಾ-ಟೋಡಾ ಎನ್ನುತ್ತಾರೆ. ಶಬ್ದಗಳು ಬೇರೆ, ಆಡುವ ರೀತಿ ಒಂದೇ. ಈ ರೀತಿಯ ಪ್ರತಿಧ್ವನಿಪದಗಳು ಉತ್ತರದ ಭಾಷೆಗಳಿಗೆ ದ್ರಾವಿಡ ಭಾಷೆಗಳ ಸಂಪರ್ಕದಿಂದ ಬಂದಿರಬೇಕೆಂದು ಅವರು ವಿವೇಚಿಸಿದರು. ಭಾರತದ ಸಂಸ್ಕೃತಿಯು ಆರ್ಯ, ದ್ರಾವಿಡ ಮತ್ತಿತರ ಜನಗಳ ಕೂಡುಬಾಳಿನಿಂದ ಬೆಳೆದುದೆಂಬ ಅವರ ನಂಬಿಕೆಗೆ ಇಂತಹ ಸಾಮಾನ್ಯ ಮಾತುಗಳೇ ಸಾಕ್ಷಿಯಾದವು.

ಕವಿ ರವೀಂದ್ರನಾಥ ಠಾಕೂರರಿಗೆ ಅವರಲ್ಲಿ ಅಪಾರ ವಿಶ್ವಾಸವಿತ್ತು. 1927ರಲ್ಲಿ ಕವಿಯೊಡನೆ ಸುನೀತಿಕುಮಾರರು ಮಲಯ, ಜಾವಾ, ಬಾಲಿ, ಸಯಾಮ್ ದೇಶಗಳನ್ನು ಸಂಚರಿಸಿ ಬಂದರು. ಬಂಗಾಳಿ ಭಾಷೆಯನ್ನು ಕುರಿತು ಬರೆದ ತಮ್ಮ ಪುಸ್ತಕವನ್ನು ಠಾಕೂರರು 1938ರಲ್ಲಿ ಅವರಿಗೆ ಅರ್ಪಿಸಿ, ಭಾಷಾಚಾರ್ಯರೆಂದು ಗೌರವಿಸಿದರು.

ವಿದ್ವಾಂಸನಿಗೆ ಪಾಂಡಿತ್ಯದಷ್ಟೇ ನಿರ್ಭಯತೆಯೂ ಬೇಕು. ಸುನೀತಿಕುಮಾರರು ಹಿಂದೀ ಭಾಷೆಯನ್ನು ಪ್ರೀತಿಯಿಂದ ಅಭ್ಯಸಿಸಿದವರು. ಇಡೀ ದೇಶದ ವ್ಯವಹಾರಕ್ಕೆ ಸರಳವಾದ ಹಿಂದಿಯು ಒದಗಬಲ್ಲುದೆಂದು ಹಿಂದೆ ಪ್ರತಿಪಾದಿಸಿದವರು. 1955ರಲ್ಲಿ ನೇಮಕವಾದ ರಾಜಭಾಷಾ ಆಯೋಗಕ್ಕೆ ಅವರೂ ಸದಸ್ಯರಾದರು. ಆದರೆ ಹಿಂದಿಯನ್ನು ಅವಸರದಿಂದ ಜಾರಿಗೆ ತಂದರೆ ಅದನ್ನಾಡದ ಜನರಿಗೆ ಅನ್ಯಾಯವಾದೀತೆಂಬುದು ಮನವರಿಕೆಯಾದಾಗ, ಬಹುಮತದ ವರದಿಗೆ ತಲೆದೂಗದೆ ತಮ್ಮ ಭಿನ್ನಾಭಿಪ್ರಾಯವನ್ನು ಪ್ರತ್ಯೇಕವಾಗಿ ಬರೆದುಕೊಟ್ಟರು. ಮದ್ರಾಸಿನ ಪಿ. ಸುಬ್ಬರಾಯನ್ ಅವರೂ ಹಾಗೆಯೇ ಮಾಡಿದರು. ಒಂದು ಭಾಷೆಯ ಮೇಲಿನ ಪ್ರೀತಿಯು ಇನ್ನೊಂದು ಭಾಷೆಗೆ ಭಾರವಾಗಬಾರದೆಂಬ ವಿವೇಕವು ಆ ನಡೆಯಲ್ಲಿ ವ್ಯಕ್ತವಾಯಿತು.

1963ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯೂ ಮುಂದೆ ರಾಷ್ಟ್ರೀಯ ಪ್ರಾಧ್ಯಾಪಕರೆಂಬ ಗೌರವವೂ ಅವರಿಗೆ ದೊರೆತವು. 1969ರಿಂದ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದ ಅವರು 1977ರ ಮೇ 29ರಂದು ಕಲ್ಕತ್ತೆಯಲ್ಲಿ ನಿಧನರಾದರು.

ಸುನೀತಿಕುಮಾರರು ಪಡೆದ ಪದವಿಗಳು ಹಲವು. ಆದರೆ ಆ ಪದವಿಗಳು ಅವರಿಂದ ಬೇಡಿದ್ದನ್ನು ನಾವು ಮರೆಯಬಾರದು: ಎಚ್ಚರದ ಕಿವಿ, ಅನ್ಯಭಾಷೆಗಳಲ್ಲಿ ಆದರ, ಆಧಾರವಿಲ್ಲದೆ ನುಡಿಯದ ಸಂಯಮ. ಈ ಗುಣಗಳನ್ನು ರೂಢಿಸಿಕೊಳ್ಳಲು ದೂರದ ವಿಶ್ವವಿದ್ಯಾನಿಲಯಕ್ಕೆ ಹೋಗುವವರೆಗೆ ಕಾಯಬೇಕಾಗಿಲ್ಲ. ನಮ್ಮ ಮನೆಯಲ್ಲಿ, ಸಂತೆಯಲ್ಲಿ, ಹೊಲದಲ್ಲಿ ಕೇಳಿಬರುವ ಒಂದೊಂದು ಮಾತಿನಲ್ಲಿಯೂ ಶತಮಾನಗಳ ಚರಿತ್ರೆ ಅಡಗಿದೆ. ಅದನ್ನು ಹೀಗಳೆಯದೆ ಆಲಿಸುವವನಿಗೆ ಭಾಷಾಶಾಸ್ತ್ರದ ಮೊದಲ ಪಾಠ ಅಲ್ಲಿಯೇ ದೊರೆಯುತ್ತದೆ.